ದೇವರ ಫೋಟೋ ಹಿಂದಿನ ಕವರ್‌ಗಳು



ಇವತ್ತು ಸ್ಟುಡಿಯೋದಲ್ಲಿ ಯಾವ ಪಕ್ಷದ ವಕ್ತಾರರೂ ಇಲ್ಲ. ನಾನೊಬ್ಬನೇ ಇದ್ದೀನಿ, ಕೈಯಲ್ಲಿ ಇವತ್ತಿನ ಪೇಪರ್ ಇದೆ. ಮುಖಪುಟ ತೋರಿಸ್ತಿಲ್ಲ. ಒಳಗಿನ ಪುಟ ನೋಡಿ, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ಮೇಲೆ ‘ಸ್ವಾಧೀನ ಪ್ರಕಟಣೆ’ ಅಂತ ತಲೆಬರಹ. ಕೆಳಗೆ ಸಾಲಗಾರರ ಹೆಸರು, ಅವರ ಹೆಂಡತಿಯ ಹೆಸರು, ಜಾಮೀನುದಾರರ ಹೆಸರು, ಸೈಟಿನ ಅಳತೆ, ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು. ಯಾರೋ ಪಾಯ ತೆಗೆಸಿ, ಬಾಗಿಲು ಇಟ್ಟು ಪೂಜೆ ಮಾಡಿಸಿ, ಹಾಲು ಉಕ್ಕಿಸಿದ ಮನೆ ಆ ನಾಲ್ಕು ದಿಕ್ಕಿನ ನಡುವೆ ಇದೆ.

ಈ ಪುಟವನ್ನ ನೀವೂ ಮಗುಚಿ ಹಾಕ್ತೀರಿ, ನಾನೂ ಮಗುಚಿ ಹಾಕ್ತಿದ್ದೆ. ಸುದ್ದಿಮನೆಯಲ್ಲಿ ಕೂತವನು ನಾನು, ದಿನಕ್ಕೆ ಐದು ಪೇಪರ್ ಓದ್ತೀನಿ. ಆದರೂ ಈ ಪುಟ ಓದಿದವನಲ್ಲ. ಓದಲು ಶುರು ಮಾಡಿದ್ದು 2022ರ ಕೊನೆಯಲ್ಲಿ, ತುಮಕೂರಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿದ ಮೇಲೆ.

ಚಿಕ್ಕಪ್ಪಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ. 2016ರಲ್ಲಿ ಒಂದು ಹಣಕಾಸು ಸಂಸ್ಥೆಯಿಂದ 22 ಲಕ್ಷ ಸಾಲ ಮಾಡಿ ಮನೆ ಕಟ್ಟಿದ್ರು. ನಾಲ್ಕು ವರ್ಷ ಒಂದು ಕಂತೂ ತಪ್ಪಲಿಲ್ಲ. 2020ರಲ್ಲಿ ಲಾಕ್‌ಡೌನ್ ಬಂತು. ಮದುವೆಗೇ ಐವತ್ತು ಜನ ಅಂದ್ಮೇಲೆ ಕಾರ್ಡು ಯಾರು ಹೊಡೆಸ್ತಾರೆ? ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡೋಕೆ ಅವಕಾಶ ಕೊಡ್ತು. ಚಿಕ್ಕಪ್ಪ ಅದನ್ನ ‘ಸರ್ಕಾರ ಆರು ತಿಂಗಳ ಕಂತು ಬಿಟ್ಟಿದೆ’ ಅಂತ ತಿಳ್ಕೊಂಡ್ರು. ಅವರೊಬ್ಬರೇ ಅಲ್ಲ, ಲಕ್ಷಾಂತರ ಜನ ಹಾಗೇ ತಿಳ್ಕೊಂಡ್ರು. ಮುಂದೂಡಿದ್ದು ಕಂತನ್ನ, ಬಡ್ಡಿಯನ್ನ ಅಲ್ಲ. ಆರು ತಿಂಗಳ ಬಡ್ಡಿ ಅಸಲಿಗೆ ಸೇರಿಕೊಳ್ತು.

ಆಮೇಲೆ ಒಂದು ತಿಂಗಳು ಕಟ್ಟೋದು, ಎರಡು ತಿಂಗಳು ಬಿಡೋದು. ಪತ್ರಗಳು ಬರೋಕೆ ಶುರುವಾಯ್ತು. ಚಿಕ್ಕಪ್ಪ ಸಹಿ ಹಾಕಿ ತಗೊಳ್ಳೋದು, ಒಡೆಯದೇ ದೇವರ ಮನೆಯಲ್ಲಿ ವೆಂಕಟರಮಣನ ಫೋಟೋ ಹಿಂದೆ ಇಡೋದು. ಒಂದು ಶನಿವಾರ ಫೋಟೋ ಒರೆಸೋಕೆ ಅಂತ ತೆಗೆದಾಗ ಚಿಕ್ಕಮ್ಮನ ಕೈಗೆ ಹದಿನೈದೋ ಹದಿನಾರೋ ಕವರ್ ಬಿದ್ದವು. ಫೋನಿನಲ್ಲಿ ಅವರು ಅಂದಿದ್ದು ಇಷ್ಟು: ‘ಪುಟ್ಟಾ, ನೀನು ಟೀವೀಲಿ ಎಲ್ಲಾದಕ್ಕೂ ಮಾತಾಡ್ತೀಯಲ್ಲ, ಇದೇನು ಅಂತ ಸ್ವಲ್ಪ ನೋಡೋ. ಇಂಗ್ಲಿಷ್‌ನಲ್ಲಿದೆ. ನಿನ್ನ ಚಿಕ್ಕಪ್ಪ ಬಾಯೇ ಬಿಡ್ತಿಲ್ಲ.’

ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಕೊನೆಯ ಪತ್ರದ ಮೇಲೆ ‘ಸರ್ಫೇಸಿ ಕಾಯ್ದೆ, ಸೆಕ್ಷನ್ 13(2)’ ಅಂತಿತ್ತು. ನಾನು ಎಂಜಿನಿಯರಿಂಗ್ ಓದಿದವನು. ವಿಜಯ್ ಮಲ್ಯ ದೇಶ ಬಿಟ್ಟು ಹೋದ ವಿಷಯದ ಮೇಲೆ ಗಂಟೆಗಟ್ಟಲೆ ಕೂಗಾಡಿದವನು. 13(2) ಅಂದ್ರೇನು ಅಂತ ಆ ರಾತ್ರಿ ನನಗೆ ಗೊತ್ತಿರಲಿಲ್ಲ. ಪತ್ರ ಬಂದು 41 ದಿನ ಆಗಿತ್ತು.

ಆ ದಿನದಿಂದ ನಾನು ಕಲಿತಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ. ನಿಮಗೆ ಬೇಡವಾದ್ರೆ ಪಕ್ಕದ ಮನೆಯವರಿಗೆ ಬೇಕಾಗಬಹುದು. ಅವರು ಕೇಳೋಲ್ಲ, ಯಾಕಂದ್ರೆ ನಮ್ಮಲ್ಲಿ ಮದುವೆ ಮುರಿದಿದ್ದನ್ನಾದ್ರೂ ಹೇಳ್ತಾರೆ, ಮನೆ ಕಂತು ನಿಂತಿದ್ದನ್ನ ಹೇಳಲ್ಲ.

ಮೊದಲು ಸಾಲ ಹೇಗೆ ಕೈ ಮೀರುತ್ತೆ ಅಂತ ನೋಡೋಣ. ಕಂತು ತಪ್ಪಿದವರನ್ನ ನಾವು ಸುಲಭವಾಗಿ ಬೈದುಬಿಡ್ತೀವಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು.’ ಆದರೆ ಕಾಲು ಚಾಚಿ ಮಲಗಿದ ಮೇಲೆ ಹಾಸಿಗೆಯೇ ಕುಗ್ಗಿದರೆ?

ಒಂದು ಲೆಕ್ಕ ಕೊಡ್ತೀನಿ. ಎಕ್ಸೆಲ್ ತೆರೆದು ಕೂರೋದು ನನ್ನ ಹಳೇ ಚಟ, ಕ್ಷಮಿಸಿ. 2021ರಲ್ಲಿ ಒಬ್ಬರು 30 ಲಕ್ಷ ಸಾಲ ತಗೋತಾರೆ, ಬಡ್ಡಿ ಶೇಕಡಾ 6.75, ಅವಧಿ 20 ವರ್ಷ. ತಿಂಗಳ ಕಂತು 22,811 ರೂಪಾಯಿ. ಮೊದಲ ಕಂತಿನಲ್ಲಿ 16,875 ಬಡ್ಡಿಗೇ ಹೋಗುತ್ತೆ, ಅಸಲಿಗೆ ಹೋಗೋದು 5,936. ಒಂದೂವರೆ ವರ್ಷ ಒಂದು ದಿನವೂ ತಪ್ಪದೆ ಕಟ್ಟಿದ್ರೂ ಅಸಲು ಇನ್ನೂ 28 ಲಕ್ಷ 88 ಸಾವಿರದ ಹತ್ತಿರ ಇರುತ್ತೆ. ಈಗ ರಿಸರ್ವ್ ಬ್ಯಾಂಕಿನ ರೆಪೋ ದರ ನೋಡಿ. 2022ರ ಮೇ ತಿಂಗಳಿಗೆ ಮುಂಚೆ ಶೇಕಡಾ 4 ಇತ್ತು, 2023ರ ಫೆಬ್ರವರಿ ಹೊತ್ತಿಗೆ 6.5 ಆಯ್ತು. ಹತ್ತು ತಿಂಗಳೊಳಗೆ ಎರಡೂವರೆ ಪರ್ಸೆಂಟ್. ಅದು ಪೂರ್ತಿ ನಿಮ್ಮ ಸಾಲದ ಮೇಲೆ ಬಂದರೆ ನಿಮ್ಮ ಬಡ್ಡಿ 9.25. ಆಗ ಆ ಉಳಿದ ಅಸಲಿನ ಮೇಲೆ ತಿಂಗಳ ಬಡ್ಡಿಯೇ 22,261 ರೂಪಾಯಿ. ನಿಮ್ಮ ಕಂತು ಅದೇ 22,811. ಅಂದ್ರೆ ಇಡೀ ತಿಂಗಳು ದುಡಿದು ಕಟ್ಟಿದ ದುಡ್ಡಿನಲ್ಲಿ ಅಸಲು ಕರಗಿದ್ದು 550 ರೂಪಾಯಿ! ಹೀಗೇ ಬಿಟ್ಟರೆ ಸಾಲ ತೀರೋಕೆ ಇನ್ನೂ ನಲವತ್ತು ವರ್ಷ ಬೇಕು. ಮನೆಯ ಯಜಮಾನರಿಗೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ ಅಕೌಂಟಿಂದ ಕಟ್ ಆಗೋ ಮೊತ್ತ ಬದಲಾಗಿಲ್ಲ. ಬದಲಾಗಿದ್ದು ಅವಧಿ.

ಹೀಗೆ ಗೊತ್ತಿಲ್ಲದಂತೆ ಅವಧಿ ಎಳೆಯೋದಕ್ಕೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಕಡಿವಾಣ ಹಾಕ್ತು. ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಉದ್ದ ಮಾಡಬೇಕಾ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕಾ, ಇಲ್ಲ ಸ್ಥಿರ ಬಡ್ಡಿಗೆ ಹೋಗಬೇಕಾ ಅನ್ನೋ ಆಯ್ಕೆಯನ್ನ ಸಾಲಗಾರರಿಗೆ ಕೊಡಬೇಕು ಅಂತ ಹೇಳಿದೆ. ನಿಮ್ಮಲ್ಲಿ ಎಷ್ಟು ಜನ ಬ್ಯಾಂಕಿಗೆ ಹೋಗಿ ‘ನನ್ನ ಸಾಲದಲ್ಲಿ ಈಗ ಎಷ್ಟು ತಿಂಗಳು ಬಾಕಿ ಇದೆ’ ಅಂತ ಕೇಳಿದ್ದೀರಿ? 2025ರ ಫೆಬ್ರವರಿಯಿಂದ ರೆಪೋ ಇಳೀತಾ ಬಂದು ಜೂನ್‌ನಲ್ಲಿ 5.5ಕ್ಕೆ ಬಂತು. ನಿಮ್ಮ ಬಡ್ಡಿ ಇಳೀತಾ? ಬ್ಯಾಂಕುಗಳಲ್ಲಿ 2019ರ ಅಕ್ಟೋಬರ್ ನಂತರ ಬದಲಾಗುವ ಬಡ್ಡಿಗೆ ತಗೊಂಡ ಗೃಹ ಸಾಲಗಳು ರೆಪೋದಂಥ ಹೊರಗಿನ ಮಾನದಂಡಕ್ಕೆ ಕಟ್ಟಿಹಾಕಿರೋದ್ರಿಂದ ಇಳಿಯುತ್ತೆ. ಅದಕ್ಕೂ ಹಳೆಯ ಸಾಲವಾದ್ರೆ, ಅಥವಾ ಸಾಲ ಕೊಟ್ಟಿದ್ದು ಬ್ಯಾಂಕಲ್ಲ, ಗೃಹ ಹಣಕಾಸು ಕಂಪನಿ ಅಂತಾದ್ರೆ, ತಾನಾಗೇ ಇಳಿಯುತ್ತೆ ಅಂತ ಕೂರಬೇಡಿ. ಹೋಗಿ ಕೇಳಬೇಕು, ಅರ್ಜಿ ಕೊಡಬೇಕು.

ಈಗ ಕಂತು ತಪ್ಪಿತು ಅಂದ್ಕೊಳ್ಳಿ.

ಎಣಿಕೆ ಆ ದಿನದಿಂದಲೇ ಶುರು. 90 ದಿನ ದಾಟಿತು ಅಂದ್ರೆ ನಿಮ್ಮ ಸಾಲ ಎನ್‌ಪಿಎ, ಅಂದ್ರೆ ಅನುತ್ಪಾದಕ ಆಸ್ತಿ. ಈ ತೊಂಬತ್ತು ದಿನವೇ ಚಿನ್ನದಂಥ ಸಮಯ. ನಾವು ಅದನ್ನ ಮ್ಯಾನೇಜರ್ ಕಣ್ಣು ತಪ್ಪಿಸಿ ಓಡಾಡೋದರಲ್ಲಿ ಕಳೀತೀವಿ. ಫೋನ್ ಸ್ವಿಚ್ ಆಫ್, ಮಕ್ಕಳ ಕೈಲಿ ‘ಅಪ್ಪ ಊರಲ್ಲಿಲ್ಲ’ ಅಂತ ಹೇಳಿಸೋದು. ಎನ್‌ಪಿಎ ಆಗೋಕೆ ಮುಂಚೆ ಬ್ಯಾಂಕಿಗೂ ನಿಮ್ಮ ಸಾಲ ಹಾಳಾಗೋದು ಬೇಕಿಲ್ಲ. ಅವಧಿ ಹೆಚ್ಚಿಸಿ ಕಂತು ಇಳಿಸೋ ಮಾತು, ಕೆಲವು ತಿಂಗಳು ಬಿಡುವು ಕೇಳೋ ಮಾತು, ಇದೆಲ್ಲ ಆಗ ನಡೆಯುತ್ತೆ. ಎನ್‌ಪಿಎ ಆದ ಮೇಲೆ ಮಾತು ಬಿಗಿಯಾಗುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಾಲ್ಕು ಕಂತು ಬಾಕಿ ಇದ್ದಾಗ ಒಂದು ಕಂತು ಕಟ್ಟಿದ್ರೆ ಎನ್‌ಪಿಎ ಪಟ್ಟಿಯಿಂದ ಹೊರಗೆ ಬರಲ್ಲ. ಬಾಕಿ ಪೂರ್ತಿ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಚಿಕ್ಕಪ್ಪ ಅಲ್ಲೊಂದು ಇಲ್ಲೊಂದು ಕಂತು ಕಟ್ಟಿ ‘ಕಟ್ತಾ ಇದ್ದೀನಲ್ಲ’ ಅಂತ ಸಮಾಧಾನ ಪಟ್ಕೊಂಡಿದ್ದು ಇಲ್ಲೇ ಮುಗ್ಗರಿಸಿತು.

ಇಲ್ಲೇ ಇನ್ನೊಂದು ತಪ್ಪೂ ಆಗುತ್ತೆ. ಕಂತು ಕಟ್ಟೋಕೆ ಕೈಸಾಲ, ಕೈಸಾಲ ತೀರಿಸೋಕೆ ಮೀಟರ್ ಬಡ್ಡಿ. ಒಂಬತ್ತು ಪರ್ಸೆಂಟಿನ ಸಾಲ ಉಳಿಸೋಕೆ ತಿಂಗಳಿಗೆ ಐದು ಪರ್ಸೆಂಟಿನ ಸಾಲ! ಮನೆಯಲ್ಲಿರೋ ಚಿನ್ನ ಅಡ ಇಡಿ, ಬೇಡ ಅನ್ನಲ್ಲ. ಪಿಎಫ್ ಇದ್ದವರು ಮನೆ ಸಾಲ ತೀರಿಸೋಕೆ ಅದರಿಂದ ಹಣ ತೆಗೆಯೋ ಅವಕಾಶ ಇದೆ, ವಿಚಾರಿಸಿ. ಸಾಲದ ಜೊತೆ ಬ್ಯಾಂಕಿನವರು ಯಾವುದೋ ಇನ್ಶೂರೆನ್ಸ್ ಮಾಡಿಸಿರ್ತಾರೆ, ಆ ಕಾಗದ ಹುಡುಕಿ. ಸಾಲ ತಗೊಂಡ ಗಂಡ ತೀರಿಹೋಗಿ, ಹೆಂಡತಿಗೆ ಆ ವಿಮೆ ಇರೋದೇ ಗೊತ್ತಿಲ್ಲದೆ ಕಂತಿಗೆ ಪರದಾಡಿದ ಮನೆಗೆ ನಾನೇ ವರದಿಗೆ ಹೋಗಿದ್ದೀನಿ. ಆದರೆ ಮೀಟರ್ ಬಡ್ಡಿಯವನ ಹತ್ರ ಹೋಗಬೇಡಿ. ಮನೆ ಹೋದರೂ ಆ ಸಾಲ ಉಳಿಯುತ್ತೆ.

ಎನ್‌ಪಿಎ ಆದ ಮೇಲೆ ಬರೋದೇ ಚಿಕ್ಕಮ್ಮ ನನಗೆ ಕಳಿಸಿದ ಪತ್ರ. 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್. ಮೊದಲು ಬ್ಯಾಂಕ್ ಮನೆ ಹರಾಜು ಹಾಕಬೇಕಾದ್ರೆ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕಿತ್ತು, ವರ್ಷಗಟ್ಟಲೆ ಆಗ್ತಿತ್ತು. ಈ ಕಾಯ್ದೆ ಬಂದ ಮೇಲೆ ಆ ಕೆಲಸ ಇಲ್ಲ. ಅಡ ಇಟ್ಟ ಆಸ್ತಿಯನ್ನ ಬ್ಯಾಂಕ್ ತಾನೇ ವಶಕ್ಕೆ ತಗೊಂಡು ತಾನೇ ಮಾರಬಹುದು. ದೊಡ್ಡ ಕುಳಗಳನ್ನ ಹಿಡಿಯೋಕೆ ಅಂತ ತಂದ ಕಾಯ್ದೆ ಇದು. ಸಣ್ಣವರ ಮನೆಗೂ ಇದೇ ಕಾಯ್ದೆ. ಸಹಕಾರಿ ಬ್ಯಾಂಕುಗಳೂ ಇದನ್ನ ಬಳಸಬಹುದು ಅಂತ 2020ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಮೊದಲು 50 ಲಕ್ಷ ಮೇಲ್ಪಟ್ಟ ಸಾಲಕ್ಕೆ ಮಾತ್ರ ಈ ಅಧಿಕಾರ ಇತ್ತು, 2021ರಲ್ಲಿ ಅದನ್ನ 20 ಲಕ್ಷಕ್ಕೆ ಇಳಿಸಿದರು.

ಈ ನೋಟಿಸ್ ಕೊಡೋದು 60 ದಿನದ ಗಡುವು. ಅಷ್ಟರೊಳಗೆ ಪೂರ್ತಿ ಸಾಲ ಕಟ್ಟಿ ಅನ್ನುತ್ತೆ. ಬಾಕಿ ಕಂತಲ್ಲ, ಪೂರ್ತಿ ಸಾಲ. ಓದಿದವರ ಎದೆ ಅಲ್ಲೇ ಒಡೆಯುತ್ತೆ. ಎರಡು ಲಕ್ಷ ಬಾಕಿ ಹೊಂದಿಸೋಕಾಗದವನು ಇಪ್ಪತ್ತು ಲಕ್ಷ ಎಲ್ಲಿಂದ ತರಬೇಕು? ಅದಕ್ಕೇ ದೇವರ ಫೋಟೋ ಹಿಂದೆ ಇಡ್ತಾರೆ. ಆದರೆ ಅದೇ ಕಾಯ್ದೆ ನಿಮ್ಮ ಕೈಗೂ ಒಂದು ಅಸ್ತ್ರ ಕೊಟ್ಟಿದೆ. ಸೆಕ್ಷನ್ 13(3ಎ). ಆ ನೋಟಿಸ್‌ಗೆ ನೀವು ಆಕ್ಷೇಪಣೆ ಬರೆದು ಕೊಡಬಹುದು. ಕೊಟ್ಟರೆ ಬ್ಯಾಂಕ್ ಅದನ್ನ ಪರಿಶೀಲಿಸಿ, ಒಪ್ಪದಿದ್ರೆ ಯಾಕೆ ಒಪ್ಪಲ್ಲ ಅಂತ ಕಾರಣ ಸಮೇತ 15 ದಿನದೊಳಗೆ ಉತ್ತರ ಕೊಡಲೇಬೇಕು. ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ. ಬರೆದು ಕೊಡಿ, ನಕಲಿನ ಮೇಲೆ ಸೀಲು ಹಾಕಿಸ್ಕೊಳ್ಳಿ. ಇಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಇಟ್ಕೊಳ್ಳಿ.

ನಾವು ಮಾಡಿದ್ದೂ ಅದನ್ನೇ. 41ನೇ ದಿನ ಪತ್ರ ನೋಡಿದ್ವಿ, 48ನೇ ದಿನ ಆಕ್ಷೇಪಣೆ ಕೊಟ್ವಿ. ಮಧ್ಯದ ಏಳು ದಿನ ಸಾಲದ ಖಾತೆಯ ಸ್ಟೇಟ್‌ಮೆಂಟ್ ತರಿಸೋಕೇ ಹೋಯ್ತು. ಅದನ್ನ ಸಾಲು ಸಾಲಾಗಿ ನೋಡಿದಾಗ ಚಿಕ್ಕಪ್ಪ ನಗದು ಕಟ್ಟಿದ್ದ ಎರಡು ಕಂತು ಅವರ ಖಾತೆಗೆ ಜಮಾ ಆಗಿರಲೇ ಇಲ್ಲ. ರಸೀದಿ ನಮ್ಮ ಹತ್ರ ಇತ್ತು, ಅದೂ ದೇವರ ಮನೆಯಲ್ಲೇ. ಅದರಿಂದ ಸಾಲ ಮನ್ನಾ ಆಗಲಿಲ್ಲ, ಅಂಥ ಪವಾಡ ನಡೆಯಲ್ಲ. ಆದರೆ ‘ನಮ್ಮ ಲೆಕ್ಕದಲ್ಲೂ ತಪ್ಪಿದೆ’ ಅಂತ ಗೊತ್ತಾದ ಮೇಲೆ ಎದುರಿಗೆ ಕೂತವರ ದನಿ ಬದಲಾಯ್ತು. ಸಮಯ ಸಿಕ್ಕಿತು.

ಅರವತ್ತು ದಿನ ಮುಗಿದ ಮೇಲೂ ಏನೂ ಆಗದಿದ್ರೆ 13(4). ಸ್ವಾಧೀನ. ಇಲ್ಲಿ ಜನಕ್ಕೆ ಇರೋ ಗೊಂದಲ ನೋಡಿ. ಬಾಗಿಲಿಗೆ ನೋಟಿಸ್ ಅಂಟಿಸಿದ ದಿನವೇ ರಾತ್ರೋರಾತ್ರಿ ಸಾಮಾನು ಕಟ್ಟಿಕೊಂಡು ಹೋದವರಿದ್ದಾರೆ. ಅದು ಬೇಕಿಲ್ಲ. ಮೊದಲು ಆಗೋದು ಸಾಂಕೇತಿಕ ಸ್ವಾಧೀನ, ಕಾಗದದ ಮೇಲಿನದು. ಬಾಗಿಲಿಗೆ ಅಂಟಿಸ್ತಾರೆ, ಏಳು ದಿನದೊಳಗೆ ಎರಡು ಪೇಪರ್‌ನಲ್ಲಿ ಹಾಕ್ತಾರೆ, ಅದರಲ್ಲಿ ಒಂದು ನಮ್ಮ ಭಾಷೆಯದ್ದಾಗಿರಬೇಕು. ನಾನು ಶುರುವಿನಲ್ಲಿ ತೋರಿಸಿದ್ದು ಅದೇ ಪುಟ. ನಿಮ್ಮನ್ನ ನಿಜವಾಗಿ ಹೊರಗೆ ಹಾಕೋಕೆ ಬ್ಯಾಂಕಿನವರು ಸಾಮಾನ್ಯವಾಗಿ ಸೆಕ್ಷನ್ 14ರ ಕೆಳಗೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದ್ರೆ ನಮ್ಮ ಜಿಲ್ಲಾಧಿಕಾರಿ, ಇಲ್ಲವೇ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಆದೇಶ ತರ್ತಾರೆ. ಆ ಆದೇಶದ ಜೊತೆ ಪೊಲೀಸರು ಬಂದ್ರೆ ಅದು ಕಾನೂನು. ಯಾರೋ ನಾಲ್ಕು ಜನ ಬೈಕಲ್ಲಿ ಬಂದು ‘ಖಾಲಿ ಮಾಡ್ತೀರೋ ಇಲ್ವೋ’ ಅಂದ್ರೆ ಅದು ರೌಡಿಸಂ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನೆಂಟರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯೋ ಹಾಗೂ ಇಲ್ಲ.

ಮೈಕ್ರೋಫೈನಾನ್ಸ್ ಸಾಲದ ವಿಷಯ ಬೇರೆ, ಅದನ್ನೂ ಹೇಳಿಬಿಡ್ತೀನಿ. 2025ರ ಆರಂಭದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿಸಿಕೊಂಡು ಬೀದಿಗೆ ಬಿದ್ದವರನ್ನ ನಾವೇ ತೋರಿಸಿದ್ವಿ. ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂತು. ಸಂಘದಲ್ಲಿ ಸಹಿ ಹಾಕಿ ತಗೊಂಡ ಸಾಲಕ್ಕೆ ನೀವು ಮನೆ ಪತ್ರ ಅಡ ಇಟ್ಟಿರಲ್ಲ. ಅಡ ಇಡದ ಮನೆಗೆ ಸಾಲದವರು ತಾವಾಗಿ ಬಂದು ಬೀಗ ಹಾಕೋ ಹಕ್ಕಿಲ್ಲ. ಅಡ ಇಟ್ಟಿದ್ರೂ ಒಂದು ಲಕ್ಷ ಮೀರದ ಸಾಲಕ್ಕೆ ಸರ್ಫೇಸಿ ಅನ್ವಯಿಸಲ್ಲ. ಕೃಷಿ ಜಮೀನಿಗೂ ಅನ್ವಯಿಸಲ್ಲ. ಮೊತ್ತದ 80 ಭಾಗ ತೀರಿಸಿ, ಬಾಕಿ 20 ಪರ್ಸೆಂಟಿಗಿಂತ ಕಡಿಮೆ ಇದ್ರೂ ಇಲ್ಲ.

ಸ್ವಾಧೀನದ ವಿರುದ್ಧ ದೂರು ಹೇಳಬೇಕಾದ ಜಾಗ ಡಿಆರ್‌ಟಿ, ಸಾಲ ವಸೂಲಾತಿ ನ್ಯಾಯಮಂಡಳಿ. ಹೆಸರು ಕೇಳಿದ್ರೆ ಬ್ಯಾಂಕಿನವರದ್ದೇ ಅನ್ಸುತ್ತೆ, ಆದರೆ ಸೆಕ್ಷನ್ 17ರಲ್ಲಿ ಸಾಲಗಾರ ಹೋಗಬೇಕಾದ್ದೂ ಅಲ್ಲಿಗೇ. ನಮಗೆ ಅದು ಬೆಂಗಳೂರಿನಲ್ಲಿದೆ. ಕ್ರಮ ಕೈಗೊಂಡ ದಿನದಿಂದ 45 ದಿನ ಅಷ್ಟೇ ಸಮಯ. ಇಲ್ಲೊಂದು ಎಚ್ಚರಿಕೆ. ಊರಿನ ಸಿವಿಲ್ ಕೋರ್ಟಿನಲ್ಲಿ ‘ಸ್ಟೇ ತಂದು ಕೊಡ್ತೀನಿ, ಒಂದು ಲಕ್ಷ ಇಡಿ’ ಅನ್ನೋ ಮಧ್ಯವರ್ತಿಗಳು ಎಲ್ಲಾ ಕಡೆ ಇದ್ದಾರೆ. ಇಂಥ ವಿಷಯ ಸಿವಿಲ್ ಕೋರ್ಟ್ ನೋಡೋ ಹಾಗಿಲ್ಲ ಅಂತ ಕಾಯ್ದೆಯ ಸೆಕ್ಷನ್ 34 ಹೇಳುತ್ತೆ. ಅಲ್ಲಿ ದಾವೆ ಹಾಕಿ ಎರಡು ತಿಂಗಳು ಕಳೆದು, ದಾವೆ ವಜಾ ಆದ ಮೇಲೆ ಡಿಆರ್‌ಟಿಗೆ ಓಡಿದ್ರೆ 45 ದಿನ ಮುಗಿದಿರುತ್ತೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಕೇಳೋ ಹಕ್ಕಿದೆ. ಮನೆ ಸಾಲದಲ್ಲಿ ಹೆಂಡತಿಯೂ ಸಹ ಸಾಲಗಾರ್ತಿ ಅಂತ ಸಹಿ ಹಾಕಿರ್ತಾರಲ್ಲ, ಅವರೇ ಅರ್ಜಿ ಕೊಡಲಿ.

ಲೆಕ್ಕದ ತಪ್ಪು, ವಸೂಲಿಯವರ ಕಿರುಕುಳ, ಹೇಳದೆ ಹಾಕಿದ ಶುಲ್ಕ, ಇಂಥದಕ್ಕೆ ಮೊದಲು ಬ್ಯಾಂಕಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ಕಂತು ತಡವಾದಾಗ ಹಾಕೋ ದಂಡವನ್ನ ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕೋದು 2024ರ ಏಪ್ರಿಲ್‌ನಿಂದ ನಿಂತಿದೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ನಿಂತಿದೆಯಾ ನೋಡ್ಕೊಳ್ಳಿ.

ಕೊನೆಯದು ಹರಾಜು. ಅದಕ್ಕೆ ಮುಂಚೆ ಬ್ಯಾಂಕ್ ಮನೆಯ ಬೆಲೆ ಕಟ್ಟಿಸಬೇಕು, 30 ದಿನದ ನೋಟಿಸ್ ಕೊಡಬೇಕು. ಹಣ ತುಂಬಿ ಮನೆ ಬಿಡಿಸಿಕೊಳ್ಳೋ ಹಕ್ಕು ಹರಾಜಿನ ದಿನದವರೆಗೂ ಇರುತ್ತೆ ಅಂತ ನಂಬಿ ಕೂತವರು ಬಹಳ ಜನ. 2016ರ ತಿದ್ದುಪಡಿ ಆದ ಮೇಲೆ ಹಾಗಿಲ್ಲ. ಹರಾಜಿನ ಪ್ರಕಟಣೆ ಹೊರಬೀಳೋ ತನಕ ಮಾತ್ರ ಆ ಹಕ್ಕು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ಪೇಪರ್‌ನಲ್ಲಿ ನೋಡಿ ಆಮೇಲೆ ದುಡ್ಡು ಹೊಂದಿಸ್ತೀನಿ ಅಂದ್ರೆ ತಡವಾಯ್ತು.

ಹರಾಜಿನಲ್ಲಿ ಬೆಲೆ ಹೇಗೆ ಬೀಳುತ್ತೆ ಅನ್ನೋದಕ್ಕೆ ನಾನು ಕೂಗಾಡಿದ ಅದೇ ಮಲ್ಯ ಅವರ ಉದಾಹರಣೆ ಕೊಡ್ತೀನಿ. ಮುಂಬೈನ ಕಿಂಗ್‌ಫಿಷರ್ ಹೌಸ್. 2016ರ ಮಾರ್ಚ್‌ನಲ್ಲಿ 150 ಕೋಟಿ ಕನಿಷ್ಠ ಬೆಲೆ ಇಟ್ಟು ಬ್ಯಾಂಕುಗಳು ಹರಾಜಿಗಿಟ್ಟವು, ಒಬ್ಬರೂ ಬರಲಿಲ್ಲ. ಮತ್ತೆ ಮತ್ತೆ ಇಳಿಸಿ ಕೊನೆಗೆ 2021ರಲ್ಲಿ ಮಾರಾಟ ಆಗಿದ್ದು 52 ಕೋಟಿ ಚಿಲ್ಲರೆಗೆ. ವಿಮಾನ ನಿಲ್ದಾಣದ ಪಕ್ಕದ ಕಟ್ಟಡಕ್ಕೇ ಈ ಗತಿ. ನಿಮ್ಮ ಬಡಾವಣೆಯ 30–40 ಸೈಟಿನ ಮನೆಗೆ ಏನು ಬರುತ್ತೆ ಯೋಚಿಸಿ. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಮಿಕ್ಕಿದ್ದು ನಿಮಗೆ ಸೇರಬೇಕು, ಬಿಡದೆ ಕೇಳಿ ತಗೊಳ್ಳಿ. ಕಡಿಮೆ ಬಂದರೆ ಉಳಿದ ಬಾಕಿಗೆ ಬ್ಯಾಂಕ್ ನಿಮ್ಮ ಮೇಲೆ ಮತ್ತೆ ಬರಬಹುದು. ಕೀಲಿ ಕೊಟ್ಟುಬಿಟ್ರೆ ಋಣ ತೀರಿತು ಅನ್ನೋದು ಸುಳ್ಳು.

ಅದಕ್ಕೇ ನಾನು ಚಿಕ್ಕಪ್ಪಂಗೆ ಒಂದು ಕಹಿ ಮಾತು ಹೇಳಬೇಕಾಯ್ತು. ‘ಚಿಕ್ಕಪ್ಪ, ಮನೆ ನಾವೇ ಮಾರೋಣ.’ ಅವರು ನನ್ನ ಮುಖವನ್ನೇ ನೋಡಿದ್ರು. ‘ನೀನೂ ಬ್ಯಾಂಕಿನವನ ಥರ ಮಾತಾಡ್ತೀಯಲ್ಲೋ’ ಅಂದ್ರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಚಿಕ್ಕಮ್ಮನೇ ಹೇಳಿದ್ರು, ‘ಹರಾಜು ಹಾಕಿ ಬೀದಿಯವರ ಮುಂದೆ ತಮಟೆ ಹೊಡೆಸೋದಕ್ಕಿಂತ ನಾವೇ ಬೀಗ ಹಾಕಿ ಕೊಡೋಣ ಬಿಡಿ.’

13(2) ನೋಟಿಸ್ ಬಂದ ಮೇಲೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರೋ ಹಾಗಿಲ್ಲ. ಒಪ್ಪಿಗೆ ಕೇಳಿದ್ವಿ, ಕೊಟ್ರು. ಹರಾಜಿನ ತಾಪತ್ರಯ ಅವರಿಗೂ ಬೇಕಿರಲಿಲ್ಲ. ಕೊಳ್ಳೋರು ನೇರವಾಗಿ ಸಂಸ್ಥೆಗೆ ಹಣ ಕಟ್ಟಿ, ಉಳಿದಿದ್ದನ್ನ ನಮಗೆ ಕೊಡೋದು ಅಂತ ಮಾತಾಯ್ತು. 46 ಲಕ್ಷಕ್ಕೆ ಹೋಯ್ತು. ಸಾಲಕ್ಕೆ ಇಪ್ಪತ್ತು ಲಕ್ಷದ ಮೇಲೆ, ಪ್ರೆಸ್ಸಿನ ಕಾಗದದ ಅಂಗಡಿಯವರಿಗೆ, ನೆಂಟರಿಗೆ ಕೊಡಬೇಕಾದ್ದು ಕೊಟ್ಟು ಕೈಯಲ್ಲಿ ಹನ್ನೆರಡು ಲಕ್ಷ ಉಳೀತು. ಉಳಿಸೋ ದಾರಿ ಇದ್ರೆ ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿಯಲ್ಲ ಅಂತ ಗೊತ್ತಾದ ಮೇಲೆ ಒಂದೊಂದು ತಿಂಗಳು ತಡ ಮಾಡೋದೂ ನಿಮ್ಮ ಆ ಹನ್ನೆರಡು ಲಕ್ಷವನ್ನೇ ತಿನ್ನುತ್ತೆ.

ಕಥೆ ಅಲ್ಲಿಗೆ ಮುಗೀಲಿಲ್ಲ. ಮಗಳ ಕೆಲಸ ಬೆಂಗಳೂರಲ್ಲಿ. ಇಲ್ಲೇ ಭೋಗ್ಯಕ್ಕೆ ಮನೆ ಹಿಡಿಯೋಣ ಅಂತ ಚಿಕ್ಕಪ್ಪ ಹೊರಟರು. ಬಾಡಿಗೆ ಇಲ್ಲ, ಹನ್ನೆರಡು ಲಕ್ಷ ಕೊಟ್ಟು ಮೂರು ವರ್ಷ ಇರೋದು, ಬಿಡುವಾಗ ಹನ್ನೆರಡು ಲಕ್ಷ ವಾಪಸ್. ಮನೆ ಚೆನ್ನಾಗಿತ್ತು, ಎರಡನೇ ಮಹಡಿ, ಕಾವೇರಿ ನೀರು. ಓನರ್ ಬಹಳ ಮರ್ಯಾದೆಯಿಂದ ಮಾತಾಡಿದ್ರಂತೆ. ‘ಪತ್ರ ಎಲ್ಲ ಬೇಡ ಸಾರ್, ಒಂದು ಬಾಂಡ್ ಪೇಪರ್ ಸಾಕು.’ ಅಲ್ಲೇ ನನಗೆ ಅನುಮಾನ ಬಂತು. ಕಾವೇರಿ ಪೋರ್ಟಲ್‌ನಲ್ಲಿ ಆ ಸ್ವತ್ತಿನ ಇಸಿ, ಋಣಭಾರ ಪತ್ರ ತೆಗೆಸಿದೆ. ಹಕ್ಕುಪತ್ರ ಠೇವಣಿ ಇಟ್ಟ ನೋಂದಣಿ ಇತ್ತು. ಅಂದ್ರೆ ಆ ಇಡೀ ಕಟ್ಟಡ ಬ್ಯಾಂಕಿನ ಹತ್ರ ಅಡ ಇತ್ತು.

ಈ ನಗರದಲ್ಲಿ ಭೋಗ್ಯಕ್ಕೆ ಇರೋರು ದಯವಿಟ್ಟು ಕೇಳಿ. ಓನರ್ ಸಾಲ ಕಟ್ಟದೆ ಬ್ಯಾಂಕ್ ಬಂದಾಗ ಬೀದಿಗೆ ಬರೋದು ನೀವು. ಬಾಂಡ್ ಪೇಪರ್ ಕರಾರು ಹಿಡ್ಕೊಂಡು ನಿಂತರೆ ಅದು ಗಟ್ಟಿ ನಿಲ್ಲಲ್ಲ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕು, ಅಡ ಇಟ್ಟ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾಡಿದ ಕರಾರನ್ನ ಬ್ಯಾಂಕ್ ಒಪ್ಪಲ್ಲ. ಬಾಡಿಗೆದಾರರೂ ಡಿಆರ್‌ಟಿಗೆ ಹೋಗಬಹುದು, ಕಾಯ್ದೆಯಲ್ಲಿ ಜಾಗ ಇದೆ. ಆದರೆ ಸಾಬೀತು ಮಾಡಬೇಕಾದ್ದು ಕಾಗದದಿಂದ. ಇಸಿ ತೆಗೆಸೋಕೆ ಆಗೋ ಖರ್ಚು ಒಂದು ಹೊತ್ತಿನ ಹೋಟೆಲ್ ಊಟದಷ್ಟು ಕೂಡ ಇಲ್ಲ. ಇಸಿಯಲ್ಲಿ ಕಾಣದ ಅಡಮಾನಗಳೂ ಇರ್ತವೆ. ಅದಕ್ಕೆ ಸರ್ಸಾಯ್ ಅಂತ ಕೇಂದ್ರದ ಒಂದು ದಾಖಲೆ ವ್ಯವಸ್ಥೆ ಇದೆ, ಅಲ್ಲೂ ಸಣ್ಣ ಶುಲ್ಕ ಕೊಟ್ಟು ಹುಡುಕಬಹುದು. ಮೂಲ ಪತ್ರ ತೋರಿಸಿ ಅಂತ ಓನರ್‌ಗೆ ಕೇಳೋಕೆ ಸಂಕೋಚ ಬೇಡ. ಹನ್ನೆರಡು ಲಕ್ಷ ಕೊಡೋದು ನೀವು.

ಆ ಮನೆ ಬಿಟ್ವಿ. ಈಗ ಚಿಕ್ಕಪ್ಪ ಚಿಕ್ಕಮ್ಮ ತುಮಕೂರಿನಲ್ಲೇ, ಪ್ರೆಸ್ಸಿಗೆ ಹತ್ತಿರ, ತಿಂಗಳ ಬಾಡಿಗೆಯ ಮನೆಯಲ್ಲಿದ್ದಾರೆ. ಹನ್ನೆರಡು ಲಕ್ಷ ಮಗಳ ಹೆಸರಲ್ಲಿ ಠೇವಣಿ ಇದೆ. ಹೋದ ತಿಂಗಳು ಹೋಗಿದ್ದೆ. ದೇವರ ಮನೆ ಇಲ್ಲ, ಅಡುಗೆಮನೆಯ ಗೋಡೆಗೇ ಒಂದು ಹಲಗೆ ಹೊಡೆಸಿ ವೆಂಕಟರಮಣನ ಫೋಟೋ ಇಟ್ಟಿದ್ದಾರೆ. ನಾನು ಕೈ ಮುಗಿಯೋ ನೆಪದಲ್ಲಿ ಹಿಂದೆ ಇಣುಕಿದೆ. ಚಿಕ್ಕಮ್ಮ ನೋಡಿಬಿಟ್ರು. ‘ಏನಿಲ್ಲ ಕಣೋ ಅಲ್ಲಿ’ ಅಂತ ನಕ್ಕರು. ‘ಈಗ ಪೋಸ್ಟ್‌ಮ್ಯಾನ್ ಬಂದ್ರೆ ನಾನೇ ಹೋಗಿ ಸಹಿ ಹಾಕ್ತೀನಿ, ಅಲ್ಲೇ ನಿಂತು ಒಡೀತೀನಿ.’ ಮೊನ್ನೆ ಬಂದ ಕವರ್ ಕರೆಂಟ್ ಬಿಲ್ಲಿನ ಬಾಕಿ, 340 ರೂಪಾಯಿ. ಅದನ್ನೂ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ್ರು.